ಗಾಳಿ ದಡಕ್ಕೆ ತಂದ ಹಡಗು

ಇಟಲಿಯ ಪೋರ್ಟೊ ಸಾಂತೊ ಸ್ಟೆಫಾನೊದಿಂದ ಜೀಲ್ಯೊ ದ್ವೀಪಕ್ಕೆ ಫೆರ್ರಿಯಲ್ಲಿ ಒಂದು ತಾಸು. ಬಂದರಿನ ಬಾಯಲ್ಲೊಂದು ಕೆಂಪು, ಒಂದು ಹಸಿರು ದೀಪಸ್ತಂಭ. ನನ್ನ ಕಣ್ಣು ಹುಡುಕುತ್ತಿದ್ದುದು ಲೆ ಸ್ಕೊಲೆ ಬಂಡೆಗಳನ್ನು. ದಂಡೆಗುಂಟ ದಕ್ಷಿಣಕ್ಕೆ ನಡೆದು ನೋಡಿದರೆ, ಅಬ್ಬಾ, ಇಷ್ಟು ಹತ್ತಿರವೇ! ಕೂಗಿದರೆ ಕೇಳಿಸೀತು. 290 ಮೀಟರ್ ಉದ್ದದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗನ್ನು ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟ್ಟಿನೊ 2012ರ ಜನವರಿ 13ರ ರಾತ್ರಿ ಈ ಬಂಡೆಗಳ ಮಗ್ಗುಲಿಗೇ ತಂದಿದ್ದ. ದ್ವೀಪಕ್ಕೊಂದು ಸಲಾಮು ಹೊಡೆಯುವ ಶೋಕಿ!

ನನ್ನನ್ನು ದಂಗುಬಡಿಸಿದ್ದು ಮುಂದಿನ ಕಥೆ. ಬಂಡೆ ಎಡಮಗ್ಗುಲನ್ನು ಸೀಳಿತು, ಎಂಜಿನ್ ಕೋಣೆಗೆ ನೀರು ನುಗ್ಗಿ ಕರೆಂಟು ಹೋಯಿತು. ಚುಕ್ಕಾಣಿ ಬಲಕ್ಕೆ ತಿರುಗಿದಲ್ಲೇ ಸಿಕ್ಕಿಕೊಂಡಿತು. ಬಂದ ರಭಸಕ್ಕೆ ಬಂದರು ದಾಟಿ ಉತ್ತರಕ್ಕೆ ಸಾಗಿದ ಹಡಗನ್ನು ಈಶಾನ್ಯದ ಗಾಳಿ ಮೆಲ್ಲಮೆಲ್ಲಗೆ ದಡದತ್ತ ತಳ್ಳಿ, ಗಬ್ಬಿಯಾನಾರಾ ತುದಿಯ ಬಳಿ ನೆಲಕ್ಕೆ ತಾಗಿಸಿತು. ಅದೇ ಗಾಳಿ ಆಳ ಸಮುದ್ರದತ್ತ ಬೀಸಿದ್ದರೆ?

ಇನ್ನು ಕ್ಯಾಪ್ಟನ್ ಮಾಡಬೇಕಿದ್ದುದೇನು? ಏಳು ಗಿಡ್ಡ, ಒಂದು ಉದ್ದ ಸೀಟಿ ಹಾಕಿಸಿ ಜನರನ್ನು ಲೈಫ್‌ಬೋಟುಗಳ ಹತ್ತಿರ ಸೇರಿಸುವುದು. ಕರಾವಳಿ ಕಾವಲಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಆದರೆ ಪ್ರಯಾಣಿಕರಿಗೆ ಸಿಕ್ಕ ಉತ್ತರ ‘ಕರೆಂಟಿನ ತೊಂದರೆ’ ಎಂದು. ಹಡಗು ಬಿಡಿ ಎಂಬ ಆಜ್ಞೆ ಬರಲು ಒಂದು ತಾಸಿನ ಮೇಲಾಯಿತು. ಆ ತಾಸು ಸಣ್ಣದಲ್ಲ: ಹಡಗು ವಾಲುತ್ತಾ ಹೋದಂತೆ ಮೇಲೆದ್ದ ಬದಿಯ ಬೋಟುಗಳು ಒಡಲಿಗೇ ಒರಗುತ್ತವೆ, ಇಳಿಸಲು ಬರುವುದಿಲ್ಲ. ಸಂಜೆಯಷ್ಟೇ ಚಿವಿತಾವೆಕ್ಯಾದಲ್ಲಿ ಹತ್ತಿದವರಿಗೆ ಅಣಕು ತಾಲೀಮೂ ಆಗಿರಲಿಲ್ಲ. ಈಗ ಆ ತಾಲೀಮು ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಆಗಬೇಕೆಂಬ ನಿಯಮವಿದೆ.

ಜನ ಇನ್ನೂ ಒಳಗಿದ್ದಾಗಲೇ ಸ್ಕೆಟ್ಟಿನೊ ಇಳಿದುಬಿಟ್ಟಿದ್ದ. ಎಡವಿ ಲೈಫ್‌ಬೋಟಿಗೆ ಬಿದ್ದೆ ಎಂಬುದು ಅವನ ಸಮಜಾಯಿಷಿ. ನಗು ಬರುತ್ತದೆ, ನಗಲಾಗುವುದಿಲ್ಲ. ಲಿವೋರ್ನೊದ ಕಾವಲು ಅಧಿಕಾರಿ ಗ್ರೆಗೊರಿಯೊ ದೆ ಫಾಲ್ಕೊ, ಹಗ್ಗದ ಏಣಿ ಹತ್ತಿ ಮೇಲೆ ಹೋಗು, ಮಕ್ಕಳೆಷ್ಟು, ಹೆಂಗಸರೆಷ್ಟು ಹೇಳು ಎಂದು ಫೋನಿನಲ್ಲಿ ಗದರಿದರು. ಅವನು ಹೋಗಲಿಲ್ಲ. ಸತ್ತವರು 32. ಕೊನೆಯದಾಗಿ ಸಿಕ್ಕ ದೇಹ ನಮ್ಮ ದೇಶದ ಒಬ್ಬ ವೇಟರ್‌ನದು. 2014ರ ನವೆಂಬರಿನಲ್ಲಿ, ಜಿನೋವಾಕ್ಕೆ ಎಳೆದೊಯ್ದ ಹಡಗಿನೊಳಗೆ. ಸ್ಕೆಟ್ಟಿನೊಗೆ 16 ವರ್ಷ ಜೈಲು.

ಆ ರಾತ್ರಿ ಊರಿನವರು ಚರ್ಚು, ಮನೆಗಳ ಬಾಗಿಲು ತೆರೆದರು. ಉಪಮೇಯರ್ ಮಾರಿಯೊ ಪೆಲ್ಲೆಗ್ರಿನಿ ಮಾತ್ರ ದಡದಲ್ಲಿ ನಿಲ್ಲಲಿಲ್ಲ. ಯಾರಾದರೂ ಮೇಲಧಿಕಾರಿ ಸಿಕ್ಕಾರೇ ಎಂದು ವಾಲಿದ ಹಡಗನ್ನೇ ಹತ್ತಿದರು. ಸಿಗಲಿಲ್ಲ. ಬೆಳಗಿನ ಜಾವದವರೆಗೂ ಅಲ್ಲೇ ಇದ್ದು ಜನರನ್ನು ಇಳಿಸಿದರು.