ನೆರಳಲ್ಲಿ ಕಾಯುವ ಸರದಿ

ಅಮೆರಿಕದ ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ವರ್ಲ್ಡ್‌ಗೆ ಮೊಮ್ಮಗನೊಂದಿಗೆ ಹೋಗಿದ್ದೆವು. ಅವನಿಗೆ ಆಟಿಸಂ. ಗದ್ದಲ, ನೂಕುನುಗ್ಗಲು ತಾಳಲಾರ. ಉದ್ದನೆಯ ಸಾಲಿನಲ್ಲಿ ನಿಲ್ಲಲಾರ.

ಇಂಥ ಮಕ್ಕಳಿಗಾಗಿ ಅಲ್ಲೊಂದು ಏರ್ಪಾಡಿದೆ. ಹೊರಡುವ ಮೊದಲೇ ಸೊಸೆ ವಿಡಿಯೊ ಕರೆಯಲ್ಲಿ ಅವನ ಕಷ್ಟ ವಿವರಿಸಿ ಹೆಸರು ನೋಂದಾಯಿಸಿದ್ದಳು. ಹಾಗೆಂದು ಎಲ್ಲರಿಗಿಂತ ಮೊದಲು ಒಳಗೆ ಬಿಡುತ್ತಾರೆ ಅಂದುಕೊಳ್ಳಬೇಡಿ, ಮಕ್ಕಳೇ! ಸಾಲಿನವರು ಮುಕ್ಕಾಲು ಗಂಟೆ ಕಾದರೆ ಅವನೂ ಹೆಚ್ಚುಕಡಿಮೆ ಅಷ್ಟೇ ಕಾಯಬೇಕು. ಆದರೆ ಸಾಲಿನಲ್ಲಲ್ಲ, ಬೇಕಾದ ಕಡೆ ಕೂತಿದ್ದು, ಹೇಳಿದ ಹೊತ್ತಿಗೆ ಬಂದರಾಯಿತು.

ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್, ಚೀಲದಲ್ಲಿ ಚಕ್ಕುಲಿ, ಕೈಯಲ್ಲಿ ಆ ದಿನದ ಆಟಗಳ ಚಿತ್ರಪಟ್ಟಿ. ಮುಂದೇನೆಂದು ತಿಳಿದಿದ್ದರೆ ಅವನಿಗೆ ಧೈರ್ಯ.

ಮಾತೇ ಅಪರೂಪವಾದ ಹುಡುಗ, ಪೀಟರ್ ಪ್ಯಾನ್‌ನ ಹಾರುವ ಹಡಗಿನಿಂದ ಇಳಿದೊಡನೆ “ಇನ್ನೊಮ್ಮೆ, ಅಜ್ಜಿ” ಎಂದ. ಮತ್ತೆ ಸರದಿ ಕೇಳಿ, ನೆರಳು ಹುಡುಕಿ ಕೂತೆವು.