ಗೋಡೆ ಮೇಲಿನ ಬಂದೂಕು



ನಿನ್ನೆ ಸೇಡಂ ರಸ್ತೆಯ ಚಹಾದಂಗಡಿ ಮುಂದೆ ಹುಡುಗನೊಬ್ಬ ಕೇಳಿದ: "ಅಣ್ಣಾ, ನಾಡಪಿಸ್ತೂಲು ಇಟ್ಕೊಂಡವರಿಗೆ ಕಠಿಣ ಶಿಕ್ಷೆ ಆದ್ರ ಎಲ್ಲಾ ಸರಿಹೋಗ್ತದಲ್ಲ?"

ಶಿಕ್ಷೆ ಆಗ್ಲೇಬೇಕು. 2015ರಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು, 2017ರಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಮೊದಲ ಕೊಲೆಯ ನಂತರವೇ ಅದು ಸಿಕ್ಕಿದ್ದರೆ ಗೌರಿ ಅಕ್ಕ ಉಳೀತಿದ್ರೇನೋ.

ಆದರೆ ನಮ್ಮ ಕೇರಿಗಳನ್ನು ಹೆದರಿಸಿದ್ದು ಬರೇ ಕಳ್ಳ ಬಂದೂಕಲ್ಲ. ನಮ್ಮೂರ ಗೌಡರ ಪಡಸಾಲೆ ಗೋಡೆ ಮೇಲೆ ಲೈಸೆನ್ಸ್ ಬಂದೂಕು ತೂಗ್ತಿತ್ತು. ಅದು ಹಾರಿದ್ದು ನಾ ನೋಡಿಲ್ಲ. ಕೂಲಿ ಕೇಳಾಕ ಹೋದ ಅಪ್ಪ ಅದನ್ನ ನೋಡಿ ದನಿ ಇಳಿಸಿದ್ದು ನೋಡೀನಿ. ಅಂಥ ಊರಾಗ ದೌರ್ಜನ್ಯದ ಕೇಸಿಗೆ ಸಾಕ್ಷಿ ಯಾರು ಹೇಳ್ತಾರ?

ಇದಕ್ಕೂ ಕಾನೂನು ಅದ. ದೌರ್ಜನ್ಯ ತಡೆ ನಿಯಮಗಳು 1995, ನಿಯಮ 3 ಓದ್ರಿ. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿನ ಪರಿಶಿಷ್ಟರಲ್ಲದವರ ಬಂದೂಕು ಲೈಸೆನ್ಸ್ ರದ್ದು ಮಾಡಿ, ಬಂದೂಕನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಒಪ್ಪಿಸುವಂತೆ ಮಾಡಬೇಕು. ಅಕ್ರಮ ಬಂದೂಕು ವಶಪಡಿಸಿಕೊಳ್ಳಬೇಕು. ಅಗತ್ಯ ಕಂಡರೆ ನಮಗೇ ಲೈಸೆನ್ಸ್ ಕೊಡಬೇಕು ಅಂತಾನೂ ಅದೇ ನಿಯಮ ಹೇಳ್ತದ.

ನನಗೆ ಬಂದೂಕು ಬೇಡ. ಆ ಗೋಡೆ ಖಾಲಿ ಆಗಬೇಕು, ಅಷ್ಟೇ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಗೆ ಹೋಗೋರು ಒಂದೇ ಪ್ರಶ್ನೆ ಕೇಳ್ರಿ: ನಿಯಮ 3ರ ಅಡಿ ಇಲ್ಲಿತನಕ ಎಷ್ಟು ಲೈಸೆನ್ಸ್ ರದ್ದಾಗ್ಯಾವ? ಉತ್ತರ ಬರಹದಾಗೇ ಇಸ್ಕೊಳ್ರಿ.