ಸೋಗಾನೆಯಲ್ಲಿ ಬಾಡಿಗೆ ಕಾರು

ವಿಮಾನವೇರುವ ಯೋಗ ನನಗಿನ್ನೂ ಬಂದಿಲ್ಲ. ವಿಮಾನದಿಂದ ಇಳಿದವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿತು. ಅಲ್ಲಿ ನಮ್ಮಣ್ಣನ ಹಳದಿ ಫಲಕದ ಕಾರು ಬಾಡಿಗೆಗೆ ಕಾಯುತ್ತದೆ. ರಜೆಯಲ್ಲಿ ನಾನೂ ಜೊತೆಗಿರುತ್ತೇನೆ.

“ಡ್ರೈವರ್ ಬೇಡ, ಕಾರು ಮಾತ್ರ ಕೊಡುತ್ತೀರಾ?” ಎಂದು ಕೇಳುವವರುಂಟು. ಹಾಗೆ ಕೊಡುವಂತಿಲ್ಲ. ತಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕ, ಹಳದಿ ಅಕ್ಷರ. 1989ರ ಕೇಂದ್ರ ಯೋಜನೆ ಆ ವ್ಯಾಪಾರಕ್ಕೆ ಕನಿಷ್ಠ 50 ಕಾರುಗಳಿರಬೇಕೆಂದು ವಿಧಿಸಿತು. ದಿನಕ್ಕೆ ಬೆರಳೆಣಿಕೆಯ ವಿಮಾನ ಬರುವಲ್ಲಿ ಐವತ್ತು ಕಾರು ಕಟ್ಟಿಕೊಂಡು ಕೂರುವ ಧೀರರಾರು!

ಮೊನ್ನೆ ಹಿರಿಯರೊಬ್ಬರು ತೀರ್ಥಹಳ್ಳಿಗೆ ಹೊರಟರು. ಕಿಲೋಮೀಟರಿನ ದರಕ್ಕೆ ಒಪ್ಪಿದರು. ಚೌಕಾಸಿಯೆಲ್ಲ ಡ್ರೈವರ್ ಬಾಟಾದ ಮೇಲೆ. “ಊಟ ನಾನೇ ಹಾಕಿಸುತ್ತೇನಲ್ಲಪ್ಪ, ಬಾಟಾ ಯಾಕೆ?” ಎಂದರು. ಎಸ್.ಎಸ್.ಎಲ್.ಸಿ.ಗೇ ಓದು ಬಿಟ್ಟು ಸ್ಟಿಯರಿಂಗ್ ಹಿಡಿದ ಅಣ್ಣ ಆ ಬಾಟಾದಲ್ಲಿಯೇ ನನ್ನ ಪರೀಕ್ಷಾ ಶುಲ್ಕ ಕಟ್ಟುತ್ತಾನೆಂದು ಅವರಿಗೇನು ಗೊತ್ತು? ನನಗೆ ಬಾಯಿತುದಿಗೆ ಮಾತು ಬಂದಿತು. ಅಣ್ಣ ಕಣ್ಣಿನಲ್ಲೇ ತಡೆದು, “ಆಗಲಿ ಸ್ವಾಮಿ, ಹತ್ತಿ” ಎಂದು ಪೆಟ್ಟಿಗೆಯನ್ನು ಡಿಕ್ಕಿಗೆ ಸೇರಿಸಿದ. ನಾನು ಬಸ್ಸಿಗೆ ನಡೆದೆ.